ಥೈರಾಯ್ಡ್ ಒಂದು ಫೈಲು, ಲಿವರ್ ಇನ್ನೊಂದು ಫೈಲು

ಕೊಡಗಿನ ಶನಿವಾರಸಂತೆಯ ಮೆಡಿಕಲ್ ಶಾಪುಗಳಲ್ಲಿ ಥೈರಾಯ್ಡ್ ಮಾತ್ರೆ ಕೇಳುವುದಕ್ಕೆ ಯಾರಿಗೂ ಈಗ ಸಂಕೋಚವಿಲ್ಲ. ಸಂತೆ ಮುಗಿಸಿದವರು ತರಕಾರಿ ಚೀಲವನ್ನು ಕಾಲ ಬುಡದಲ್ಲಿ ಇಳಿಸಿ, ‘ಐವತ್ತರದ್ದು ಕೊಡಿ’, ‘ಎಪ್ಪತ್ತೈದರದ್ದು ಕೊಡಿ’ ಎನ್ನುತ್ತಾರೆ. ಬಿಪಿ, ಶುಗರ್ ಸಾಲಿಗೆ ಥೈರಾಯ್ಡ್ ಸೇರಿ ವರ್ಷಗಳೇ ಆದವು. ಇದು ನಮ್ಮೂರಿನ ಕತೆ ಮಾತ್ರವಲ್ಲ. ಬೆಂಗಳೂರೂ ಸೇರಿದಂತೆ ದೇಶದ ಎಂಟು ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ಮಂದಿಗೆ ಥೈರಾಯ್ಡ್ ಹಾರ್ಮೋನಿನ ಕೊರತೆ ಕಂಡುಬಂತು. ಅದೇ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ಗ್ರಂಥಿಯ ವಿರುದ್ಧ ಎದ್ದು ನಿಂತ ಪ್ರತಿಕಾಯಗಳಿದ್ದವು. ಹಾರ್ಮೋನಿನ ಕೊರತೆಯ ಲೆಕ್ಕಕ್ಕಿಂತ ಈ ಎರಡನೆಯ ಲೆಕ್ಕದ ಕಡೆಗೆ ನಮ್ಮ ಗಮನ ಹೋಗಬೇಕು.

ದೇಹದ ರೋಗನಿರೋಧಕ ಶಕ್ತಿ ಹೊರಗಿನ ಸೋಂಕನ್ನು ಬಿಟ್ಟು ತನ್ನದೇ ಅಂಗದ ಮೇಲೆ ತಿರುಗಿಬೀಳುವ ಕಾಯಿಲೆಗಳನ್ನು ಆಟೋಇಮ್ಯೂನ್ ಕಾಯಿಲೆ ಎನ್ನುತ್ತಾರೆ. ಥೈರಾಯ್ಡ್ ಈ ದಾಳಿಗೆ ಅತಿ ಹೆಚ್ಚು ಗುರಿಯಾಗುವ ಅಂಗಗಳಲ್ಲೊಂದು. ಹೀಗೆ ಒಂದು ಅಂಗದ ಮೇಲೆ ತಿರುಗಿಬಿದ್ದ ಶಕ್ತಿ ಅಲ್ಲಿಗೇ ನಿಲ್ಲಬೇಕೆಂದೇನಿಲ್ಲ. ಥೈರಾಯ್ಡ್ ಇರುವ ಬಹುಪಾಲು ಜನರಿಗೆ ಮುಂದೆ ಬೇರೇನೂ ಆಗುವುದಿಲ್ಲ, ಹೆದರಬೇಕಾದ್ದೂ ಇಲ್ಲ. ಆದರೆ ಕೆಲವರಲ್ಲಿ ಅದೇ ದಾಳಿ ಲಿವರ್‌ಗೂ ಹಬ್ಬುತ್ತದೆ. ಆ ಕೆಲವರ ಪಾಡಿನ ಬಗ್ಗೆ ಕನ್ನಡದಲ್ಲಿ ಬರೆದದ್ದು ತೀರ ಕಡಿಮೆ.

ಲಿವರ್‌ನ ಕಡೆಯಿಂದ ನೋಡಿದರೆ ಈ ನಂಟು ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಈ ದಾಳಿಯಿಂದ ಬರುವ ಲಿವರ್ ಉರಿಯೂತವಾದ ಆಟೋಇಮ್ಯೂನ್ ಹೆಪಟೈಟಿಸ್ ಇರುವವರಲ್ಲಿ ಜೊತೆಗೆ ಕಾಣುವ ಇತರ ಆಟೋಇಮ್ಯೂನ್ ಕಾಯಿಲೆಗಳ ಪೈಕಿ ಥೈರಾಯ್ಡ್‌ನದೇ ಮೊದಲ ಸ್ಥಾನ. ಹಲವು ಅಧ್ಯಯನಗಳಲ್ಲಿ ಇಂಥ ರೋಗಿಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಥೈರಾಯ್ಡ್ ತೊಂದರೆ ಕಂಡಿದೆ. ಲಿವರ್ ಒಳಗಿನ ಸಣ್ಣ ಪಿತ್ತನಾಳಗಳನ್ನು ನಿಧಾನವಾಗಿ ಹಾಳುಮಾಡುವ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್ ಎಂಬ ಇನ್ನೊಂದು ಕಾಯಿಲೆಯಲ್ಲೂ ಹೀಗೆಯೇ. ಅದು ಬರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು ನಲವತ್ತು ದಾಟಿದವರು. ಅದಕ್ಕೆ ಮೊದಲು ಪ್ರೈಮರಿ ಬಿಲಿಯರಿ ಸಿರೋಸಿಸ್ ಎಂಬ ಹೆಸರಿತ್ತು. ರೋಗ ಪತ್ತೆಯಾಗುವಾಗ ಬಹಳ ಜನರಿಗೆ ಸಿರೋಸಿಸ್, ಎಂದರೆ ಲಿವರ್ ತುಂಬ ಗಾಯದ ಗಂಟು ಕಟ್ಟಿದ ಸ್ಥಿತಿ, ಇರುವುದಿಲ್ಲ, ಆ ಹೆಸರು ಕೇಳಿಯೇ ಅವರು ಕುಗ್ಗಿಹೋಗುತ್ತಾರೆ ಎಂಬ ಕಾರಣಕ್ಕೆ 2015ರಲ್ಲಿ ಹೆಸರು ಬದಲಾಯಿತು. ಮೂರನೆಯದು ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್. ಅದು ಗಂಡಸರಲ್ಲಿ ಹೆಚ್ಚು. ಅದರ ನಂಟು ಮುಖ್ಯವಾಗಿ ಕರುಳಿನ ಹುಣ್ಣಿನ ಕಾಯಿಲೆಯ ಜೊತೆಗಿರುವುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಈ ಎರಡು ಅಂಗಗಳ ಚರಿತ್ರೆಯೂ ಜೊತೆಜೊತೆಯಾಗಿಯೇ ಸಾಗಿಬಂದಿದೆ. ಜಪಾನಿನ ಹಕಾರು ಹಶಿಮೊಟೊ ಎಂಬ ಯುವ ಶಸ್ತ್ರವೈದ್ಯ 1912ರಲ್ಲಿ ನಾಲ್ವರು ಹೆಂಗಸರ ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗ್ರಂಥಿಯ ತುಂಬ ಬಿಳಿರಕ್ತಕಣಗಳು ಮುತ್ತಿಕೊಂಡಿರುವುದನ್ನು ಬರೆದಿಟ್ಟರು. ಅವು ಅಲ್ಲಿಗೇಕೆ ಬಂದವು ಎಂಬುದು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೊಳೆಯಲಿಲ್ಲ. 1956ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡೆಬೊರಾ ಡೊನಿಯಾಕ್, ಐವನ್ ರಾಯಿಟ್ ಮತ್ತು ಸಂಗಡಿಗರು ಇಂಥ ರೋಗಿಗಳ ರಕ್ತದಲ್ಲಿ ಅವರದೇ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳಿವೆ ಎಂದು ತೋರಿಸಿದರು. ಲಿವರ್‌ನ ಕಡೆ 1950ರಲ್ಲೇ ಸ್ವೀಡನ್ನಿನ ಯಾನ್ ವಾಲ್ಡನ್‌ಸ್ಟ್ರಾಮ್, ರಕ್ತದಲ್ಲಿ ಗಾಮಾ ಗ್ಲಾಬ್ಯುಲಿನ್ ಎಂಬ ಪ್ರೋಟೀನ್ ವಿಪರೀತ ಏರಿದ ಎಳೆಯ ಹೆಂಗಸರಲ್ಲಿ ಕಾಣುವ ಒಂದು ಬಗೆಯ ಲಿವರ್ ಉರಿಯೂತವನ್ನು ವಿವರಿಸಿದ್ದರು. 1965ರಲ್ಲಿ ಪಿತ್ತನಾಳದ ಕಾಯಿಲೆಯನ್ನು ಗುರುತಿಸಿಕೊಡುವ ಮೈಟೋಕಾಂಡ್ರಿಯಾ ಪ್ರತಿಕಾಯ ಪತ್ತೆಯಾಯಿತು. ಆ ಪ್ರಬಂಧ ಬರೆದವರಲ್ಲಿ ಲಿವರ್ ವೈದ್ಯಶಾಸ್ತ್ರದ ದೊಡ್ಡ ಹೆಸರಾದ ಶೀಲಾ ಷೆರ್ಲಾಕ್ ಅವರ ಜೊತೆಗೆ ಅದೇ ಡೊನಿಯಾಕ್, ಅದೇ ರಾಯಿಟ್ ಇದ್ದಾರೆ. ಥೈರಾಯ್ಡ್‌ನಲ್ಲಿ ಪ್ರತಿಕಾಯ ಕಂಡವರೇ ಲಿವರ್ ಕಾಯಿಲೆಯ ಪ್ರತಿಕಾಯದ ಹುಡುಕಾಟದಲ್ಲೂ ಇದ್ದರು. ಆಗ ಒಟ್ಟಿಗೆ ನೋಡಿದ್ದನ್ನು ಇಂದಿನ ಆಸ್ಪತ್ರೆಗಳು ಎರಡು ವಿಭಾಗ, ಎರಡು ಫೈಲು ಮಾಡಿ ಹಂಚಿಕೊಂಡಿವೆ. ರೋಗಿಗೆ ಆಗುವ ಬಹುಪಾಲು ತೊಂದರೆ ಶುರುವಾಗುವುದು ಇಲ್ಲಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಮಲೆನಾಡಿಗೆ ಥೈರಾಯ್ಡ್ ಹೊಸದೇನಲ್ಲ. ಮಳೆಗೆ ಮೇಲ್ಮಣ್ಣು ತೊಳೆದುಹೋಗುವ ಬೆಟ್ಟದ ಸೀಮೆಗಳಲ್ಲಿ ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತಿತ್ತು. ಅದಕ್ಕೆಂದೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 2006ರಿಂದ ಅಯೋಡಿನ್ ಬೆರೆಸದ ಉಪ್ಪನ್ನು ಊಟಕ್ಕೆಂದು ಮಾರುವುದಕ್ಕೇ ನಿಷೇಧ ಬಂತು. ಕತ್ತು ಊದಿದ ಅಜ್ಜಿಯರನ್ನು ನೋಡಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಈಗ ಅಯೋಡಿನ್ ಕೊರತೆ ಹೆಚ್ಚುಕಡಿಮೆ ನೀಗಿದೆ. ಹಾಗಿದ್ದೂ ಥೈರಾಯ್ಡ್ ಹೋಗಿಲ್ಲ, ಅದರ ಕಾರಣ ಬದಲಾಗಿದೆ. ‘ಉಪ್ಪು ಸರಿಯಾಗಿ ತಿಂದಿಲ್ಲ, ಅದಕ್ಕೇ ಥೈರಾಯ್ಡ್’ ಎಂಬ ಮಾತು ಇಂದಿನ ರೋಗಿಗಳಲ್ಲಿ ಬಹುಮಂದಿಗೆ ಹೊಂದುವುದಿಲ್ಲ. ಸಮುದ್ರದ ಪಾಚಿಯ ಮಾತ್ರೆ, ಅಯೋಡಿನ್ ಹನಿ ಎಂದು ಹೆಚ್ಚುವರಿ ಅಯೋಡಿನ್ ನುಂಗಿದರೆ ಆಟೋಇಮ್ಯೂನ್ ಥೈರಾಯ್ಡ್ ಇನ್ನಷ್ಟು ಕೆರಳಬಹುದು.

ಇನ್ನು ಲಿವರ್. ಏಳುಸಾವಿರ ಸೀಮೆ ಎಂದು ಹಿರಿಯರು ಕರೆಯುವ ಈ ಉತ್ತರ ಕೊಡಗಿನಲ್ಲಿ ಕಣ್ಣು ಹಳದಿಯಾದರೆ ಎಲ್ಲರ ಬಾಯಲ್ಲೂ ಬರುವುದು ಕಾಮಾಲೆ ಎಂಬ ಒಂದೇ ಹೆಸರು. ಆದರೆ ಕಾಮಾಲೆ ಒಂದು ಲಕ್ಷಣ, ಅದರ ಹಿಂದಿನ ಕಾರಣಗಳು ಹತ್ತಾರು. ಮಳೆಗಾಲದ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ಗದ್ದೆ ಕೆಸರಿನಲ್ಲಿ ನಿಂತವರಿಗೆ ತಗಲುವ ಇಲಿಜ್ವರ, ಹೆಪಟೈಟಿಸ್ ಬಿ, ಪಿತ್ತಕೋಶದ ಕಲ್ಲು, ಹೆಂಡ. ನೀರಿನಿಂದ ಬಂದ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಯಾರೋ ಕೊಟ್ಟ ಸೊಪ್ಪಿನ ರಸಕ್ಕೆ, ಎಲ್ಲೋ ಹಾಕಿಸಿದ ಬರೆಗೆ ಗುಣಪಡಿಸಿದ ಹೆಸರು ಸಂದುಬಿಡುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ ಈ ನಂಬಿಕೆಯ ಮರೆಯಲ್ಲಿ ಅಡಗಿ ಕುಳಿತಿರುತ್ತದೆ. ಅದೂ ಕೆಲವೊಮ್ಮೆ ತಾನಾಗಿ ತಗ್ಗಿದಂತೆ ಕಂಡು ಮತ್ತೆ ಏರುತ್ತದೆ. ಎರಡನೆಯ ಸಲ, ಮೂರನೆಯ ಸಲ ಕಾಮಾಲೆ ಬಂದಾಗ ‘ಇವಳದು ಕಾಮಾಲೆ ಮೈ’ ಎಂದು ಹೇಳಿ ಮತ್ತೆ ಅದೇ ಸೊಪ್ಪು ಅರೆಯುತ್ತಾರೆ. ಈ ನಡುವೆ ಲಿವರ್‌ನಲ್ಲಿ ಗಾಯದ ಗಂಟುಗಳು ಕಟ್ಟುತ್ತ ಹೋಗುತ್ತವೆ. ಕಣ್ಣು ಒಮ್ಮೆಯೂ ಹಳದಿಯಾಗದೆಯೇ ಸಿರೋಸಿಸ್ ತಲುಪಿದವರೂ ಇದ್ದಾರೆ. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಸುಮಾರು ಮೂರರಲ್ಲಿ ಒಬ್ಬರಿಗೆ ಸಿರೋಸಿಸ್ ಆಗಿರುತ್ತದೆ.

ಇದನ್ನು ಮೊದಲೇ ಹಿಡಿಯಲು ದುಬಾರಿ ಯಂತ್ರಗಳು ಬೇಕಿಲ್ಲ. ಊರಿನ ಸಣ್ಣ ಲ್ಯಾಬಿನಲ್ಲೂ ಮಾಡುವ ಲಿವರ್ ಪರೀಕ್ಷೆಯ, ಎಂದರೆ ಎಲ್‌ಎಫ್‌ಟಿಯ ಚೀಟಿಯನ್ನು ಒಮ್ಮೆ ಪೂರ್ತಿ ಓದಿ. ಮೇಲೆ ಬಿಲಿರುಬಿನ್ ಇರುತ್ತದೆ, ಎಲ್ಲರೂ ಅದನ್ನು ನೋಡುತ್ತಾರೆ. ನಡುವೆ ಎಸ್‌ಜಿಒಟಿ, ಎಸ್‌ಜಿಪಿಟಿ, ಆಲ್ಕಲೈನ್ ಫಾಸ್ಫಟೇಸ್. ಮುಂದೆ ಒಟ್ಟು ಪ್ರೋಟೀನ್, ಆಲ್ಬ್ಯುಮಿನ್, ಗ್ಲಾಬ್ಯುಲಿನ್, ಎ/ಜಿ ರೇಷಿಯೊ ಎಂಬ ಸಾಲುಗಳು. ಈ ಗ್ಲಾಬ್ಯುಲಿನ್ ಸಾಲಿನ ಮೇಲೆ ಬೆರಳಿಡುವವರು ಬಹಳ ಕಡಿಮೆ. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ದೇಹ ಐಜಿಜಿ ಎಂಬ ಪ್ರತಿಕಾಯವನ್ನು ಧಾರಾಳವಾಗಿ ತಯಾರಿಸುವುದರಿಂದ ಗ್ಲಾಬ್ಯುಲಿನ್ ಏರುತ್ತದೆ. ಸಾಮಾನ್ಯವಾಗಿ ಮೂರು, ಮೂರೂವರೆ ಗ್ರಾಂ ಒಳಗಿರಬೇಕಾದ್ದು ನಾಲ್ಕು, ಐದಾಗಿ ಎ/ಜಿ ರೇಷಿಯೊ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಎಸ್‌ಜಿಪಿಟಿ ಏರಿದೆ, ಗ್ಲಾಬ್ಯುಲಿನ್ ಕೂಡ ಏರಿದೆ, ರೋಗಿ ಹೆಂಗಸು, ಅವರಿಗೆ ಮೊದಲೇ ಥೈರಾಯ್ಡ್ ಇದೆ: ಈ ನಾಲ್ಕೂ ಸೇರಿದಾಗ ಆಟೋಇಮ್ಯೂನ್ ಹೆಪಟೈಟಿಸ್ ಇರಬಹುದೇ ಎಂದು ಕೇಳಲೇಬೇಕು. ಗ್ಲಾಬ್ಯುಲಿನ್ ಏರಲು ಬೇರೆ ಕಾರಣಗಳೂ ಉಂಟು, ಆದ್ದರಿಂದ ಚೀಟಿ ನೋಡಿ ನಾವೇ ತೀರ್ಮಾನ ಮಾಡುವಂತಿಲ್ಲ. ಎಎನ್‌ಎ ಮತ್ತು ಸ್ಮೂತ್ ಮಸಲ್ ಎಂಬ ಪ್ರತಿಕಾಯಗಳ, ಐಜಿಜಿಯ ಪರೀಕ್ಷೆಗಳಾಗಬೇಕು. ಹೆಪಟೈಟಿಸ್ ಬಿ ಮತ್ತು ಸಿ ಇಲ್ಲವೆಂದು ಖಾತ್ರಿಯಾಗಬೇಕು. ಕೊನೆಗೆ ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿ. ಪಿತ್ತನಾಳದ ಕಾಯಿಲೆಯಲ್ಲಾದರೆ ಎಸ್‌ಜಿಪಿಟಿಗಿಂತ ಆಲ್ಕಲೈನ್ ಫಾಸ್ಫಟೇಸ್ ಮುಂದೆ ಓಡುತ್ತದೆ, ನೂರರಲ್ಲಿ 90ಕ್ಕೂ ಹೆಚ್ಚು ರೋಗಿಗಳಲ್ಲಿ ಮೈಟೋಕಾಂಡ್ರಿಯಾ ಪ್ರತಿಕಾಯ ಸಿಗುತ್ತದೆ, ಬಯಾಪ್ಸಿ ಬಹಳ ಸಲ ಬೇಕಾಗುವುದೇ ಇಲ್ಲ.

ಥೈರಾಯ್ಡ್ ಇರುವವರಲ್ಲಿ ಲಿವರ್ ಕಾಯಿಲೆ ತಡವಾಗಿ ಪತ್ತೆಯಾಗುವುದಕ್ಕೆ ಒಂದು ವಿಶೇಷ ಕಾರಣವಿದೆ. ಎರಡರ ಲಕ್ಷಣಗಳೂ ಒಂದರ ಮೇಲೊಂದು ಕೂತುಬಿಡುತ್ತವೆ. ಸುಸ್ತು, ಮೈಕೈ ನೋವು, ಒಣ ಚರ್ಮ, ಏರಿದ ಕೊಲೆಸ್ಟ್ರಾಲ್, ತಪ್ಪಿದ ಮುಟ್ಟು ಇವೆಲ್ಲ ಥೈರಾಯ್ಡ್‌ನಲ್ಲೂ ಉಂಟು, ಲಿವರ್ ಕಾಯಿಲೆಯಲ್ಲೂ ಉಂಟು. ಥೈರಾಯ್ಡ್ ಕಡಿಮೆಯಾದಾಗ ಸ್ನಾಯುಗಳಿಂದ ಎಸ್‌ಜಿಒಟಿ ಸೋರಿ ರಿಪೋರ್ಟಿನಲ್ಲಿ ಲಿವರ್ ಕೆಟ್ಟಂತೆ ಕಾಣಬಹುದು. ಥೈರಾಯ್ಡ್ ಹೆಚ್ಚಾದಾಗ ಮೂಳೆಯಿಂದ ಆಲ್ಕಲೈನ್ ಫಾಸ್ಫಟೇಸ್ ಏರಬಹುದು. ಹೀಗಾಗಿ ‘ಥೈರಾಯ್ಡ್ ಸರಿಹೋದರೆ ಇದೂ ಸರಿಹೋಗುತ್ತೆ’ ಎಂಬ ವೈದ್ಯರ ಮಾತು ತಪ್ಪೇನಲ್ಲ. ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸರಿಯಾದ ಮೇಲೂ ಲಿವರ್‌ನ ಅಂಕಿಗಳು ಇಳಿಯದಿದ್ದಾಗ ಅದೇ ಮಾತನ್ನು ಹಿಡಿದುಕೊಂಡು ಕೂರುವುದು ತಪ್ಪು. ಇನ್ನೊಂದು ಸುಲಭದ ಉತ್ತರ ಫ್ಯಾಟಿ ಲಿವರ್. ಈಗ ಸ್ಕ್ಯಾನ್ ಮಾಡಿಸಿದವರಲ್ಲಿ ಬಹಳ ಜನರ ರಿಪೋರ್ಟಿನಲ್ಲಿ ಅದು ಇದ್ದೇ ಇರುತ್ತದೆ. ಫ್ಯಾಟಿ ಲಿವರ್ ಇದೆ ಎಂದ ಮಾತ್ರಕ್ಕೆ ಬೇರೆ ಕಾಯಿಲೆ ಇಲ್ಲ ಎಂದಾಗುವುದಿಲ್ಲ.

ತುರಿಕೆಯ ವಿಷಯವೂ ಹೀಗೆಯೇ. ಪಿತ್ತನಾಳದ ಕಾಯಿಲೆಯ ತುರಿಕೆ ಅಂಗೈ, ಅಂಗಾಲುಗಳಲ್ಲಿ ಜಾಸ್ತಿ, ರಾತ್ರಿಯ ಹೊತ್ತು ಇನ್ನೂ ಜಾಸ್ತಿ, ಚರ್ಮದ ಮೇಲೆ ಗುಳ್ಳೆಯೇ ಇರುವುದಿಲ್ಲ. ಕಾಫಿ ತೋಟದಲ್ಲಿ ಕೆಲಸ ಮಾಡುವವರಿಗೆ ತುರಿಕೆಗೆ ನೂರು ಕಾರಣ ಸಿಗುತ್ತದೆ. ಕಂಬಳಿಹುಳ, ಉಣ್ಣಿ, ಮಳೆಗಾಲದ ತೇವ, ಹೊಡೆದ ಔಷಧಿ. ಮುಲಾಮು ಹಚ್ಚಿಕೊಂಡು ವರ್ಷಗಟ್ಟಲೆ ಕಳೆದುಹೋಗುತ್ತದೆ.

ಮತ್ತೆ ಸುಸ್ತು. ಈ ಕಾಯಿಲೆಗಳ ಅತಿ ದೊಡ್ಡ ನೋವು ಅದೇ, ಅದನ್ನು ತೋರಿಸಲು ರಿಪೋರ್ಟಿನಲ್ಲಿ ಒಂದು ಸಾಲೂ ಇರುವುದಿಲ್ಲ. ಪಿತ್ತನಾಳದ ಕಾಯಿಲೆಯಲ್ಲಿ ಲಿವರ್ ಎಷ್ಟು ಕೆಟ್ಟಿದೆ ಎಂಬುದಕ್ಕೂ ಸುಸ್ತು ಎಷ್ಟಿದೆ ಎಂಬುದಕ್ಕೂ ತಾಳೆಯೇ ಆಗುವುದಿಲ್ಲ. ಅಂಕಿಗಳು ಸರಿಯಿದ್ದೂ ಏಳಲಾಗದವರಿದ್ದಾರೆ. ಹಣ್ಣು ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಮನೆಮಂದಿಯೆಲ್ಲ ತೋಟದಲ್ಲಿರುವಾಗ ಮಧ್ಯಾಹ್ನ ಒಂದು ತಾಸು ಮಲಗಿದ ಸೊಸೆಗೆ ಸೋಮಾರಿ ಎಂಬ ಹೆಸರು ಬರಲು ಹೆಚ್ಚು ಹೊತ್ತು ಬೇಕಿಲ್ಲ. ಮನೆಯವರಿಗೆ ನಾನು ಹೇಳಬಯಸುವುದು ಇಷ್ಟೇ: ಅದು ಕಾಯಿಲೆಯ ಭಾಗ, ಸ್ವಭಾವದ್ದಲ್ಲ. ರೋಗಿಗೆ ಹೇಳಬಯಸುವುದು: ಸುಸ್ತು ಹೆಚ್ಚಾದಾಗ ಟಿಎಸ್‌ಎಚ್, ಹಿಮೋಗ್ಲೋಬಿನ್, ವಿಟಮಿನ್ ಬಿ12 ಇವನ್ನೊಮ್ಮೆ ನೋಡಿಸಿ. ಸರಿಪಡಿಸಬಹುದಾದ ಕಾರಣ ಇದ್ದರೆ ಅದನ್ನು ‘ಲಿವರ್ ಸುಸ್ತು’ ಎಂದು ಬಿಟ್ಟುಬಿಡಬಾರದು.

ಲಿವರ್ ಕಾಯಿಲೆ ಎಂದ ಕೂಡಲೇ ‘ಕುಡಿಯುತ್ತಿದ್ದರಾ?’ ಎಂಬ ಪ್ರಶ್ನೆ ಬರುತ್ತದೆ. ಬಾಯಿಬಿಟ್ಟು ಕೇಳದವರು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ. ಹೆಂಡ ಮುಟ್ಟದ ಹೆಂಗಸರು ಈ ಒಂದು ಪ್ರಶ್ನೆಗೆ ಅಂಜಿ ಕಾಯಿಲೆಯನ್ನೇ ಮುಚ್ಚಿಡುತ್ತಾರೆ. ಮದುವೆಗೆ ಬಂದ ಹುಡುಗಿಯರ ಮನೆಯಲ್ಲಂತೂ ಥೈರಾಯ್ಡ್ ಮಾತ್ರೆಯ ಡಬ್ಬಿಯೂ ಬೀರುವಿನೊಳಗೆ ಸೇರುತ್ತದೆ. ಆಟೋಇಮ್ಯೂನ್ ಲಿವರ್ ಕಾಯಿಲೆ ಹೆಂಡದಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಮದುವೆಗೂ ಮಕ್ಕಳಾಗುವುದಕ್ಕೂ ತಾನಾಗಿ ಅಡ್ಡ ಬರುವುದಿಲ್ಲ. ಬಸಿರಿಗೆ ಮೊದಲೇ ವೈದ್ಯರಿಗೆ ಹೇಳಿಟ್ಟರೆ ಮಾತ್ರೆಗಳನ್ನು ಹೊಂದಿಸಿಕೊಳ್ಳಬಹುದು. ರೋಗನಿರೋಧಕ ಶಕ್ತಿಯ ದಾಳಿ ತಗ್ಗಿಸುವ ಮಾತ್ರೆಗಳ ಪೈಕಿ ಅಜಾಥಯೋಪ್ರಿನ್ ಅನ್ನು ಬಸಿರಿನಲ್ಲೂ ಮುಂದುವರಿಸುವುದುಂಟು, ಮೈಕೋಫೆನೊಲೇಟ್ ಮಾತ್ರ ಕೂಡದು, ಥೈರಾಯ್ಡ್ ಮಾತ್ರೆಯಾದ ಥೈರಾಕ್ಸಿನ್ ಪ್ರಮಾಣ ಸಾಮಾನ್ಯವಾಗಿ ಏರಿಸಬೇಕಾಗುತ್ತದೆ. ಕಾಯಿಲೆ ಬಂದ ಮೇಲೆ ಹೆಂಡ ಬಿಡಬೇಕು ಎಂಬುದು ಬೇರೆ ಮಾತು, ಅದರಲ್ಲಿ ರಾಜಿಯಿಲ್ಲ.

ಚಿಕಿತ್ಸೆಯ ಮಟ್ಟಿಗೆ ಈ ಕಾಯಿಲೆಗಳ ಕತೆ ಆಶಾದಾಯಕವಾದದ್ದು. 1971ರಲ್ಲಿ ಷೆರ್ಲಾಕ್ ಅವರ ತಂಡ ಸ್ಟೀರಾಯ್ಡ್ ಕೊಟ್ಟವರಲ್ಲಿ ಸಾವು ಬಹಳ ಕಡಿಮೆಯಾದದ್ದನ್ನು ತೋರಿಸಿತು. ಅದಕ್ಕೂ ಮೊದಲು ತೀವ್ರವಾಗಿ ಬಂದ ಆಟೋಇಮ್ಯೂನ್ ಹೆಪಟೈಟಿಸ್ ಕೆಲವೇ ವರ್ಷಗಳಲ್ಲಿ ಪ್ರಾಣ ತೆಗೆಯುತ್ತಿತ್ತು. ಇಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಶುರುಮಾಡಿ, ಅಜಾಥಯೋಪ್ರಿನ್ ಜೊತೆಗೂಡಿಸಿ, ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸಿ, ಬಹುಪಾಲು ರೋಗಿಗಳನ್ನು ನೆಮ್ಮದಿಯ ಸ್ಥಿತಿಗೆ ತರಬಹುದು. ಪಿತ್ತನಾಳದ ಕಾಯಿಲೆಗೆ ಅರ್ಸೋಡಿಯಾಕ್ಸಿಕೋಲಿಕ್ ಆ್ಯಸಿಡ್ (ಅರ್ಸೋ), ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 13ರಿಂದ 15 ಮಿಲಿಗ್ರಾಂ, ಎಂದರೆ ಐವತ್ತು ಕಿಲೋ ತೂಗುವವರಿಗೆ ಆರುನೂರೈವತ್ತರಿಂದ ಏಳುನೂರೈವತ್ತು. ತೂಕ ನೋಡದೆ ಮುನ್ನೂರರ ಮಾತ್ರೆಯೊಂದನ್ನೇ ವರ್ಷಗಟ್ಟಲೆ ನುಂಗುವವರು ತಮ್ಮ ಲೆಕ್ಕವನ್ನು ವೈದ್ಯರ ಮುಂದೆ ಒಮ್ಮೆ ಇಡಬೇಕು.

ಮಾತ್ರೆಗಳ ನಡುವಿನ ಜಗಳಕ್ಕೆ ಬಂದರೆ, ಕೊಡಗಿನವರು ಮೊದಲು ಎದುರಿಸಬೇಕಾದ್ದು ಬೆಳಗಿನ ಕಾಫಿಯನ್ನು. ಕಾಫಿ ಲಿವರ್‌ನ ಶತ್ರುವಲ್ಲ, ಕಾಫಿ ಕುಡಿಯುವವರಲ್ಲಿ ಲಿವರ್ ಗಾಯ ಗಟ್ಟಿಯಾಗುವುದು ಕಡಿಮೆ ಎಂದೇ ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ಥೈರಾಕ್ಸಿನ್ ಮಾತ್ರೆ ಹೊಟ್ಟೆಗೆ ಇಳಿದ ಬೆನ್ನಿಗೇ ಕಾಫಿ ಹೋದರೆ ಮಾತ್ರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎದ್ದ ಕೂಡಲೇ ನೀರಿನಲ್ಲಿ ಮಾತ್ರೆ, ಆಮೇಲೆ ಅರ್ಧದಿಂದ ಒಂದು ತಾಸು ಬಿಟ್ಟು ಕಾಫಿ. ಒಲೆಯ ಮೇಲೆ ಡಿಕಾಕ್ಷನ್ ಇಟ್ಟು ಮಾತ್ರೆ ನುಂಗಿ, ಅದು ಇಳಿಯುವ ಮುಂಚೆಯೇ ಲೋಟ ಎತ್ತುವ ಮನೆಗಳಲ್ಲಿ ಟಿಎಸ್‌ಎಚ್ ಏರುತ್ತಲೇ ಹೋಗುತ್ತದೆ, ಮಾತ್ರೆಯ ಪ್ರಮಾಣ ಐವತ್ತರಿಂದ ಎಪ್ಪತ್ತೈದು, ನೂರು ಆಗುತ್ತದೆ. ಬೆಳಿಗ್ಗೆ ಹೊಂದದವರು ರಾತ್ರಿ ಊಟವಾಗಿ ಮೂರು ತಾಸಿನ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು, ವೈದ್ಯರನ್ನು ಕೇಳಿ.

ಇನ್ನೊಂದು ಜಗಳ ಕ್ಯಾಲ್ಸಿಯಂನದು. ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ, ಅದಕ್ಕಾಗಿ ಲಿವರ್ ವೈದ್ಯರು ಕ್ಯಾಲ್ಸಿಯಂ, ವಿಟಮಿನ್ ಡಿ ಬರೆಯುತ್ತಾರೆ. ಥೈರಾಯ್ಡ್ ವೈದ್ಯರು ಅದನ್ನು ನೋಡಿರುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳೆರಡೂ ಥೈರಾಕ್ಸಿನ್‌ಗೆ ಅಡ್ಡ, ಅವಕ್ಕೂ ಇದಕ್ಕೂ ನಾಲ್ಕು ತಾಸು ಅಂತರ ಬೇಕು. ತುರಿಕೆಗೆ ಕೊಡುವ ಕೊಲೆಸ್ಟೈರಮಿನ್ ಪುಡಿ ಥೈರಾಕ್ಸಿನ್ ಮತ್ತು ಅರ್ಸೋ ಎರಡನ್ನೂ ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿಯೂ ಅಂತರ ಕಡ್ಡಾಯ. ಎಲ್ಲ ನಿಯಮ ಪಾಲಿಸಿದರೂ ಥೈರಾಕ್ಸಿನ್ ಪ್ರಮಾಣ ಏರುತ್ತಲೇ ಇದ್ದರೆ ಗೋಧಿಯ ಅಂಟಿಗೆ ಕರುಳು ಕೆರಳುವ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ನೋಡಬೇಕು. ಅಮೆರಿಕದ ಲಿವರ್ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಆಟೋಇಮ್ಯೂನ್ ಹೆಪಟೈಟಿಸ್ ಪತ್ತೆಯಾದಾಗಲೇ ಥೈರಾಯ್ಡ್ ಮತ್ತು ಸೀಲಿಯಾಕ್ ಎರಡನ್ನೂ ಪರೀಕ್ಷಿಸಿ ಎಂದಿದೆ.

ಲಿವರ್‌ಗೂ ಥೈರಾಯ್ಡ್ ಹಾರ್ಮೋನಿಗೂ ಒಳಗಿಂದೊಳಗೇ ವ್ಯವಹಾರವಿದೆ. ಟಿ4 ಎಂಬ ಹಾರ್ಮೋನ್ ಕೆಲಸಕ್ಕೆ ಬರುವ ಟಿ3 ಆಗಿ ಮಾರ್ಪಡುವುದರಲ್ಲಿ ಲಿವರ್‌ನ ಪಾಲು ದೊಡ್ಡದು. ಹಾರ್ಮೋನನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನನ್ನೂ ಲಿವರೇ ತಯಾರಿಸುತ್ತದೆ. ಲಿವರ್ ಉರಿಯೂತದಲ್ಲಿ ಈ ಪ್ರೋಟೀನ್ ಹೆಚ್ಚಾಗಿ ‘ಟೋಟಲ್ ಟಿ4’ ಸುಳ್ಳೇ ಏರಿದಂತೆ ಕಾಣಬಹುದು. ಆದ್ದರಿಂದ ಲಿವರ್ ಕಾಯಿಲೆ ಇರುವವರಿಗೆ ಟಿಎಸ್‌ಎಚ್ ಜೊತೆ ‘ಫ್ರೀ ಟಿ4’ ನೋಡುವುದು ಸರಿಯಾದ ದಾರಿ. ಪರೀಕ್ಷೆಗೆ ಮುಂಚೆ ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯನ್ನು ಎರಡು ಮೂರು ದಿನ ನಿಲ್ಲಿಸಿ, ಅದೂ ಫಲಿತಾಂಶವನ್ನು ತಿರುಚುತ್ತದೆ.

ಥೈರಾಯ್ಡ್ ಹೆಚ್ಚಾಗುವ ಗ್ರೇವ್ಸ್ ಕಾಯಿಲೆಯವರ ಸಂಗತಿ ಇನ್ನೂ ನಾಜೂಕು. ಅದಕ್ಕೆ ಕೊಡುವ ಮಾತ್ರೆಗಳೇ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಕಾರ್ಬಿಮಜೋಲ್‌ನಿಂದ ಅಪರೂಪಕ್ಕೆ ಪಿತ್ತ ಕಟ್ಟಿದ ಕಾಮಾಲೆ ಬರುತ್ತದೆ. ಪ್ರೊಪೈಲ್‌ಥಯೋಯುರಾಸಿಲ್‌ನಿಂದ ಲಿವರ್ ಪೂರ್ತಿ ಕುಸಿದ ಪ್ರಕರಣಗಳಾಗಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಆ ಮಾತ್ರೆಯ ಮೇಲೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಮೊದಲೇ ಲಿವರ್ ಕಾಯಿಲೆ ಇದ್ದವರು ಥೈರಾಯ್ಡ್ ವೈದ್ಯರ ಬಳಿ ಮೊದಲ ಮಾತಿನಲ್ಲೇ ಅದನ್ನು ಹೇಳಿಬಿಡಬೇಕು.

ಈಗ ನನಗೆ ಅತಿ ಹೆಚ್ಚು ಕಳವಳ ತರುವ ವಿಷಯ, ಅಮೃತಬಳ್ಳಿ. ಕೊರೋನಾ ಕಾಲದಲ್ಲಿ ‘ಇಮ್ಯೂನಿಟಿ ಹೆಚ್ಚಿಸುತ್ತದೆ’ ಎಂದು ಅದರ ಕಷಾಯ, ಮಾತ್ರೆ, ರಸ ಮನೆಮನೆಗೂ ನುಗ್ಗಿತು. ನಮ್ಮ ಬೇಲಿಗಳಲ್ಲೇ ಹಬ್ಬುವ ಬಳ್ಳಿಯಾದ್ದರಿಂದ ಹಳ್ಳಿಗಳಲ್ಲಿ ದುಡ್ಡೂ ಬೇಕಾಗಲಿಲ್ಲ. 2021ರಲ್ಲಿ ಮುಂಬೈನ ಲಿವರ್ ವೈದ್ಯರು, ಅಮೃತಬಳ್ಳಿ ಸೇವಿಸಿದ ಮೇಲೆ ಲಿವರ್ ಕೆಟ್ಟ ಆರು ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಕಂಡದ್ದು ಆಟೋಇಮ್ಯೂನ್ ಹೆಪಟೈಟಿಸ್ ಅನ್ನೇ ಹೋಲುವ ಉರಿಯೂತ. ಬಳ್ಳಿ ಆ ಕಾಯಿಲೆಯನ್ನು ಎಬ್ಬಿಸಿತೋ ಅಥವಾ ಒಳಗೆ ಸದ್ದಿಲ್ಲದೆ ಇದ್ದದ್ದನ್ನು ಹೊರಗೆಳೆಯಿತೋ ಎಂಬ ಪ್ರಶ್ನೆಯನ್ನು ಅವರೇ ಎತ್ತಿದರು. ಆ ರೋಗಿಗಳಲ್ಲಿ ಮೊದಲಿಂದ ಥೈರಾಯ್ಡ್ ಕೊರತೆಯಂಥ ಆಟೋಇಮ್ಯೂನ್ ತೊಂದರೆ ಇದ್ದವರೂ ಇದ್ದರು. ಆಯುಷ್ ಸಚಿವಾಲಯ ಈ ವರದಿಯನ್ನು ಒಪ್ಪಲಿಲ್ಲ, ಬಳ್ಳಿ ಸುರಕ್ಷಿತ, ಹಾಗೆ ಸಂಬಂಧ ಕಟ್ಟುವುದು ದಾರಿ ತಪ್ಪಿಸುವಂಥದ್ದು ಎಂದು ಹೇಳಿತು. ಮರುವರ್ಷ ದೇಶದ 13 ಕೇಂದ್ರಗಳ 43 ರೋಗಿಗಳನ್ನು ಒಳಗೊಂಡ ದೊಡ್ಡ ಅಧ್ಯಯನ ಬಂತು, ಅಲ್ಲಿಯೂ ಚಿತ್ರ ಅದೇ.

ಅಮೃತಬಳ್ಳಿ ಕುಡಿದ ಎಲ್ಲರಿಗೂ ಹೀಗಾಗುವುದಿಲ್ಲ, ಆಯುರ್ವೇದವನ್ನೇ ದೂರುವುದೂ ನನ್ನ ಉದ್ದೇಶವಲ್ಲ. ಆದರೆ ರೋಗನಿರೋಧಕ ಶಕ್ತಿಯೇ ಅತಿಯಾಗಿ ತನ್ನ ಮೇಲೆ ತಿರುಗಿರುವ ವ್ಯಕ್ತಿಗೆ ಅದನ್ನು ಇನ್ನೂ ಹೆಚ್ಚಿಸಿಕೊಳ್ಳಿ ಎನ್ನುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಥೈರಾಯ್ಡ್‌ನ ಮೂಲ ಆಟೋಇಮ್ಯೂನ್ ಎಂದು ಗೊತ್ತಿರುವವರು, ಲಿವರ್ ರಿಪೋರ್ಟ್ ಒಮ್ಮೆಯಾದರೂ ಏರುಪೇರಾದವರು ಅಮೃತಬಳ್ಳಿಯಿಂದ ದೂರವಿರುವುದೇ ಕ್ಷೇಮ. ಅಶ್ವಗಂಧದ ಮಾತೂ ಅಷ್ಟೇ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಲಿವರ್ ಕೆಟ್ಟ ವರದಿಗಳೂ ಇವೆ. ನೆಲನೆಲ್ಲಿಯ ಬಗ್ಗೆ 1988ರಲ್ಲಿ ಮದ್ರಾಸಿನಿಂದ ಬಂದ ಅಧ್ಯಯನ ಹೆಪಟೈಟಿಸ್ ಬಿ ವೈರಸ್ಸಿಗೆ ಸಂಬಂಧಿಸಿದ್ದು, ಆಮೇಲಿನ ಅಧ್ಯಯನಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ಆಟೋಇಮ್ಯೂನ್ ಕಾಯಿಲೆಗೆ ಅದರಿಂದ ಗುಣವೆಂದು ತೋರಿಸಿದ ಸಾಕ್ಷ್ಯವಿಲ್ಲ. ನಾಟಿ ಔಷಧ ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಲು ಹೆದರಬೇಡಿ. ಬೈಯುತ್ತಾರೆಂದು ಮುಚ್ಚಿಟ್ಟರೆ ಅವರು ಬೇರೆಲ್ಲೋ ಕಾರಣ ಹುಡುಕುತ್ತಾ ದಿನ ಕಳೆಯುತ್ತಾರೆ.

ಮತ್ತೆ ವೈದ್ಯರು ಕೊಡುವ ಮಾತ್ರೆಗಳಿಗೆ ಬಂದರೆ, ಅಜಾಥಯೋಪ್ರಿನ್ ಶುರುವಾದ ಮೊದಲ ವಾರಗಳಲ್ಲಿ ರಕ್ತಕಣಗಳ ಎಣಿಕೆ ತಪ್ಪಿಸಬಾರದು. ನಮ್ಮ ದೇಶದ ಜನರಲ್ಲಿ ಎನ್‌ಯುಡಿಟಿ15 ಎಂಬ ವಂಶವಾಹಿಯ ವ್ಯತ್ಯಾಸ ಇರುವವರು ಗಣನೀಯವಾಗಿದ್ದಾರೆ. ಅಂಥವರಲ್ಲಿ ಸಣ್ಣ ಪ್ರಮಾಣಕ್ಕೇ ಬಿಳಿರಕ್ತಕಣ ಕುಸಿಯಬಹುದು, ಜ್ವರ, ಬಾಯಿಹುಣ್ಣು, ರಾಶಿ ರಾಶಿ ಕೂದಲುದುರುವುದು ಅದರ ಸುಳಿವು. ಸ್ಟೀರಾಯ್ಡ್‌ಗೆ ಮುಂಚೆ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆ, ಹೆಪಟೈಟಿಸ್ ಬಿ ಲಸಿಕೆ. ಸಿರೋಸಿಸ್ ಆಗಿದ್ದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ ರಿಪೋರ್ಟ್ ಸರಿಯಾಯಿತೆಂದು ಮಾತ್ರೆ ಬಿಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಮರುಕಳಿಸುತ್ತದೆ. ಕನಿಷ್ಠ ಎರಡು ವರ್ಷ ಎಲ್ಲ ಅಂಕಿಗಳೂ ಸರಿಯಿದ್ದ ಮೇಲೆಯೇ ನಿಲ್ಲಿಸುವ ಮಾತು, ಅದೂ ವೈದ್ಯರ ಕಣ್ಣಳತೆಯಲ್ಲಿ.

ನಮ್ಮ ಭಾಗಕ್ಕೆ ಸಲ್ಲುವ ಒಂದು ಎಚ್ಚರವನ್ನು ಬೇರೆಯಾಗಿ ಹೇಳಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ಭಾಗದಲ್ಲಿ ಗುಡ್ಡಗಳು ಜರಿದು ರಸ್ತೆಗಳು ಕಡಿದುಹೋದದ್ದು ನಮಗೆಲ್ಲ ನೆನಪಿದೆ. ತಿಂಗಳುಗಟ್ಟಲೆ ಸ್ಟೀರಾಯ್ಡ್ ತೆಗೆದುಕೊಂಡವರ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ. ಹಾಗೆ ರಸ್ತೆ ಕಡಿದು ಮಾತ್ರೆ ಥಟ್ಟನೆ ತಪ್ಪಿದರೆ ವಾಂತಿ, ರಕ್ತದೊತ್ತಡದ ಕುಸಿತ, ಕೆಲವೊಮ್ಮೆ ಪ್ರಾಣಾಪಾಯ. ಮೇ ತಿಂಗಳಲ್ಲೇ ಮಳೆಗಾಲಕ್ಕೆ ಸೌದೆ ಒಟ್ಟುವಾಗ ಒಂದು ತಿಂಗಳ ಹೆಚ್ಚುವರಿ ಮಾತ್ರೆಯನ್ನೂ ಮನೆಯಲ್ಲಿಟ್ಟುಕೊಳ್ಳಬೇಕು. ಥೈರಾಕ್ಸಿನ್ ತೇವಕ್ಕೂ ಬಿಸಿಗೂ ಕೆಡುವ ಮಾತ್ರೆ, ಒಲೆಯ ಪಕ್ಕದ ಗೂಡಿನಲ್ಲಿಡದೆ ಅದರ ಡಬ್ಬಿಯಲ್ಲೇ ಬಿಗಿಯಾಗಿ ಮುಚ್ಚಿಡಿ.

ತಜ್ಞರನ್ನು ಕಾಣುವುದು ಇಲ್ಲಿಂದ ಸುಲಭವಲ್ಲ. ಶನಿವಾರಸಂತೆಗೆ ಮಡಿಕೇರಿಯೂ ಹಾಸನವೂ ಹೆಚ್ಚುಕಡಿಮೆ ಒಂದೇ ದೂರ. ಹಾಸನದಲ್ಲಿ 2006ರಿಂದ, ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೊದಲ ಹಂತದ ಪರೀಕ್ಷೆಗಳಿಗೆ ಅವು ಸಾಕು. ಲಿವರ್ ತಜ್ಞರಿಗಾಗಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗಬೇಕಾಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರ, ಕರುಳು, ಲಿವರ್ ಕಾಯಿಲೆಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆ ಇದೆ. ಎರಡು ಭೇಟಿಗಳ ನಡುವೆ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವಿನಿಯ ಮೂಲಕ ವೈದ್ಯರೊಡನೆ ಮಾತಾಡಬಹುದು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಒಳರೋಗಿಯ ಖರ್ಚಿಗೆ ಒದಗುತ್ತದೆಯೇ ಹೊರತು ದಿನದಿನದ ಮಾತ್ರೆಗೆ ಅಲ್ಲ. ಜೀವನಪರ್ಯಂತ ಮಾತ್ರೆ ನುಂಗಬೇಕಾದವರಿಗೆ ಇದು ದೊಡ್ಡ ಕೊರತೆ. ಪ್ರೆಡ್ನಿಸೊಲೋನ್, ಅಜಾಥಯೋಪ್ರಿನ್, ಥೈರಾಕ್ಸಿನ್ ದುಬಾರಿಯಲ್ಲ. ಅರ್ಸೋ ಮತ್ತು ಆಗಾಗ ಮಾಡಿಸಬೇಕಾದ ಐಜಿಜಿಯಂಥ ಪರೀಕ್ಷೆಗಳು ಕೂಲಿ ಮಾಡುವ ಮನೆಗೆ ಭಾರ. ಜಿಲ್ಲಾ ಆಸ್ಪತ್ರೆಗಳಲ್ಲಾದರೂ ಅವು ಉಚಿತವಾಗಿ ಸಿಗುವಂತಾಗಬೇಕು.

ಅಲ್ಲಿಯವರೆಗೆ ರೋಗಿಯ ಕೈಯಲ್ಲಿರುವ ಉಪಾಯ ಒಂದು ನೋಟ್‌ಬುಕ್. ಎಡಪುಟದಲ್ಲಿ ಥೈರಾಯ್ಡ್, ಬಲಪುಟದಲ್ಲಿ ಲಿವರ್, ಪ್ರತಿ ಪರೀಕ್ಷೆಯ ತಾರೀಖು, ಅಂಕಿ, ಆ ದಿನ ನುಂಗುತ್ತಿದ್ದ ಎಲ್ಲ ಮಾತ್ರೆಗಳ ಹೆಸರು ಮತ್ತು ಹೊತ್ತು, ನಾಟಿ ಔಷಧವಿದ್ದರೆ ಅದೂ. ಯಾವ ವೈದ್ಯರ ಬಳಿ ಹೋದರೂ ಅದೊಂದನ್ನು ಮುಂದಿಡಿ. ಓದಲು ಬಾರದ ಹಿರಿಯರಿಗೆ ಮಕ್ಕಳು, ಮೊಮ್ಮಕ್ಕಳು ಬರೆದುಕೊಡಿ.

ಥೈರಾಯ್ಡ್ ಮಾತ್ರೆ ನುಂಗುತ್ತಿರುವ ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಸಲ ಟಿಎಸ್‌ಎಚ್‌ಗೆ ರಕ್ತ ಕೊಡುವಾಗ ಅದೇ ಸೂಜಿಯಲ್ಲಿ ಎಲ್‌ಎಫ್‌ಟಿಯನ್ನೂ ಮಾಡಿಸಿ. ಅಂಕಿಗಳು ಏರಿದ್ದರೆ ಒಂದೆರಡು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿ, ಎಸ್‌ಜಿಪಿಟಿ ತುಂಬ ಏರಿದ್ದರೆ ಅಥವಾ ಕಣ್ಣು ಹಳದಿಯಾಗಿದ್ದರೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಎರಡನೆಯ ಸಲವೂ ಏರಿಯೇ ಇದ್ದರೆ, ‘ಡಾಕ್ಟ್ರೇ, ಇದು ಆಟೋಇಮ್ಯೂನ್ ಇರಬಹುದಾ, ಐಜಿಜಿ ನೋಡೋಣವಾ?’ ಎಂದು ಬಾಯಿಬಿಟ್ಟು ಕೇಳಿ.